ಜೀವ ಹುಟ್ಟೋಕೆ 40,000 ಸೊನ್ನೆ ಅಡ್ಡ ಬರುತ್ತಾ?

ಪ್ರಶ್ನೆ: ಸರ್, ಗುಜರಿ ಅಂಗಡಿ ಮೇಲೆ ಸುಂಟರಗಾಳಿ ಬೀಸಿ ಬೋಯಿಂಗ್ 747 ವಿಮಾನ ರೆಡಿ ಆಗುತ್ತಾ, ಹಾಗೇ ಕೆಮಿಕಲ್ಸ್ ಸೇರಿ ಜೀವ ಹುಟ್ಟೋದೂ ಸಾಧ್ಯ ಇಲ್ಲ, ಫ್ರೆಡ್ ಹಾಯ್ಲ್ ಅಂಥ ದೊಡ್ಡ ವಿಜ್ಞಾನೀನೇ ಲೆಕ್ಕ ಹಾಕಿದಾರೆ ಅಂತ ನಮ್ಮ ದೊಡ್ಡಪ್ಪ ವಾದ ಮಾಡ್ತಾರೆ. ಲೆಕ್ಕದಲ್ಲಿ ತಪ್ಪೆಲ್ಲಿದೆ?
(ಬಿಎಸ್ಸಿ ವಿದ್ಯಾರ್ಥಿನಿ, ಹಾಸನ)

ಉತ್ತರ: ಗುಣಾಕಾರದಲ್ಲಿ ತಪ್ಪಿಲ್ಲಮ್ಮ. ಒಂದು ಎಂಜೈಮ್ (ಜೀವಕೋಶದ ರಾಸಾಯನಿಕ ಕ್ರಿಯೆಗಳನ್ನ ಚುರುಕು ಮಾಡೋ ಪ್ರೋಟೀನು) ತಾನಾಗೇ ಸರಿಯಾಗಿ ಜೋಡಣೆಯಾಗೋ ಚಾನ್ಸು 1ರ ಮುಂದೆ 20 ಸೊನ್ನೆ ಇಟ್ರೆ ಎಷ್ಟಾಗುತ್ತೋ ಅಷ್ಟರಲ್ಲಿ ಒಂದು, ಜೀವಕ್ಕೆ ಅಂಥವು 2,000 ಬೇಕು ಅಂತ ಹಾಯ್ಲ್ ಮತ್ತು ಚಂದ್ರ ವಿಕ್ರಮಸಿಂಘೆ 1981ರಲ್ಲಿ ಹಿಡಿದ್ರು, ಒಟ್ಟು 40,000 ಸೊನ್ನೆ ಬಂತು. ಅದಕ್ಕೇ ಹಾಯ್ಲ್, ಜೀವ ಬಾಹ್ಯಾಕಾಶದಿಂದ ಬಂದಿದೆ ಅಂದ್ರು. ಎಡವಟ್ಟು ಇರೋದು 2,000 ಎಂಜೈಮೂ ಒಂದೇ ಏಟಿಗೆ ಆಗ್ಬೇಕು ಅಂದ್ಕೊಂಡಿದ್ರಲ್ಲಿ.

ಚೌಕಾಬಾರ ಆಡೋ ಹುಣಸೆಬೀಜ ಇರುತ್ತಲ್ಲ, ಒಂದು ಕಡೆ ತೇಯ್ದು ಬಿಳಿ ಮಾಡಿರೋದು, ಅವು 20 ತಗೊಳ್ಳಿ, ಬಿಳಿ ಬೀಳೋದು ಅರ್ಧಕ್ಕರ್ಧ ಅಂತಿಟ್ಕೊಳ್ಳಿ. ಇಪ್ಪತ್ತೂ ಒಟ್ಟಿಗೆ ಬಿಳಿ ಬೀಳ್ಬೇಕು ಅಂದ್ರೆ ಸರಾಸರಿ 10 ಲಕ್ಷಕ್ಕೂ ಹೆಚ್ಚು ಸಲ ಎಸೀಬೇಕು. ಬಿಳಿ ಬಿದ್ದಿದ್ದನ್ನ ಪಕ್ಕಕ್ಕಿಟ್ಟು ಉಳಿದಿದ್ದನ್ನ ಮಾತ್ರ ಎಸೀತಾ ಹೋಗಿ, ಐದಾರು ಸಲಕ್ಕೆ ಮುಗಿಯುತ್ತೆ.

ಪ್ರಕೃತಿಯಲ್ಲಿ ಪಕ್ಕಕ್ಕಿಡೋರು ಯಾರು ಅಂತ ದೊಡ್ಡಪ್ಪ ಕೇಳೇ ಕೇಳ್ತಾರೆ, ಕೇಳಬೇಕಾದ ಪ್ರಶ್ನೇನೇ ಅದು. ತನ್ನನ್ನ ತಾನೇ ಕಾಪಿ ಮಾಡ್ಕೊಳ್ಳೋ ಅಣು ಒಂದು ಸಲ ಬಂತು ಅಂದ್ರೆ ಚೆನ್ನಾಗಿ ಕಾಪಿ ಆಗೋದೇ ಹೆಚ್ಚುತ್ತೆ, ಬೇರೆಯವರ ಕೈ ಬೇಕಾಗಲ್ಲ. ಆ ಮೊದಲ ಅಣು ಎಂಜೈಮೇ ಆಗಿರ್ಬೇಕು ಅಂತಿಲ್ಲ, ಆರ್‌ಎನ್‌ಎ (ಡಿಎನ್‌ಎ ಥರಾನೇ ಮಾಹಿತಿ ಹೊರೋ ಅಣು) ಕೂಡ ರಾಸಾಯನಿಕ ಕ್ರಿಯೆ ನಡೆಸಬಲ್ಲದು, ಅದನ್ನ ಕಂಡುಹಿಡಿದ ಥಾಮಸ್ ಚೆಕ್, ಸಿಡ್ನಿ ಆಲ್ಟ್‌ಮನ್‌ಗೆ 1989ರಲ್ಲಿ ನೊಬೆಲ್ ಬಂತು.

ಇನ್ನೊಂದು ವಿಷ್ಯ, ಇದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ಸುತ್ತೆ. ಪ್ರೋಟೀನು ಅಂದ್ರೆ ಅಮೈನೋ ಆಸಿಡ್ ಅನ್ನೋ ಚಿಕ್ಕ ಅಣುಗಳ ಸರಣಿ. 80 ಅಮೈನೋ ಆಸಿಡ್‌ಗಳ ಸರಣಿಯಲ್ಲಿ ಒಂದೇ ಒಂದು ಜೋಡಣೆ ಮಾತ್ರ ಸರಿ ಅಂದ್ಕೊಂಡ್ರೆ ಚಾನ್ಸು 104 ಸೊನ್ನೆಯಲ್ಲೊಂದು. ಆದ್ರೆ ಕೀಫ್ ಮತ್ತು ಶೋಸ್ಟಾಕ್ 2001ರಲ್ಲಿ ಅಷ್ಟೇ ಉದ್ದದ ಸರಣಿಗಳನ್ನ ಹೇಗೆಂದ್ರೆ ಹಾಗೆ ಜೋಡಿಸಿ ಲ್ಯಾಬಲ್ಲಿ ನಿಜವಾಗ್ಲೂ ಜಾಲಾಡಿದ್ರು. ಜೀವಕೋಶಕ್ಕೆ ಶಕ್ತಿ ಒದಗಿಸೋ ಎಟಿಪಿ ಅಣುವನ್ನ ಹಿಡ್ಕೊಳ್ಳಬಲ್ಲ ಪ್ರೋಟೀನು ಸುಮಾರು 11 ಸೊನ್ನೆಗೊಂದು, ಅಂದ್ರೆ ಹತ್ತು ಸಾವಿರ ಕೋಟಿಗೊಂದು ಸಿಕ್ತು! ದೊಡ್ಡ ಸಂಖ್ಯೆ ಅನ್ಸುತ್ತೆ, ಆದ್ರೆ ಅಷ್ಟೂ ಅಣು ಸೇರಿಸಿದ್ರೆ ಒಂದು ಗ್ರಾಮಿನ ಕೋಟಿಯಲ್ಲೊಂದು ಭಾಗದಷ್ಟೂ ತೂಗಲ್ಲ, ಸಮುದ್ರದಲ್ಲಿ ಜಾಗಕ್ಕೇನು ಕಮ್ಮಿ.

ಹಂಗಂತ ಎಲ್ಲಾ ಬಗೆಹರಿದಿದೆ ಅಂತ ದೊಡ್ಡಪ್ಪನ ಹತ್ರ ಹೇಳಬೇಡಿ. 1953ರಲ್ಲಿ ಸ್ಟ್ಯಾನ್ಲಿ ಮಿಲ್ಲರ್ ಅನಿಲಗಳಿದ್ದ ಫ್ಲಾಸ್ಕಲ್ಲಿ ವಿದ್ಯುತ್ ಕಿಡಿ ಹಾಯಿಸಿ ಅಮೈನೋ ಆಸಿಡ್ ಪಡೆದ್ರು ನಿಜ, ಆದ್ರೆ ಸರಳ ಕೆಮಿಕಲ್‌ಗಳಿಂದ ಶುರುವಾಗಿ, ಯಾರೂ ಕೈ ಹಾಕದೆ, ತನ್ನನ್ನ ಕಾಪಿ ಮಾಡ್ಕೊಳ್ಳೋ ಆರ್‌ಎನ್‌ಎ ಲ್ಯಾಬಲ್ಲಿ ಇನ್ನೂ ಹುಟ್ಟಿಲ್ಲ. ಆ ಮೊದಲ ಅಣು ಎಷ್ಟುದ್ದ ಇರ್ಬೇಕು, ಅಷ್ಟುದ್ದದವುಗಳಲ್ಲಿ ಎಷ್ಟು ಕೆಲಸಕ್ಕೆ ಬರ್ತವೆ, ಇವೆರಡೂ ತಿಳಿಯೋವರೆಗೆ 40,000 ಸೊನ್ನೆ ಅಂತಾಗ್ಲಿ ನಾಲ್ಕೇ ಸೊನ್ನೆ ಅಂತಾಗ್ಲಿ ಯಾರೂ ಹೇಳೋ ಹಾಗಿಲ್ಲ.