ಕುಲುಮೆ ಕಟ್ಟೆ: 916 ಇದ್ದರೂ ಚಿನ್ನ ಮುರಿಯುವುದೇಕೆ?

ಪ್ರಶ್ನೆ: ಅಜ್ಜಿಯ ಕಾಲದ ಜೋಮಾಲೆಯ (ಕೊಡವರ ಚಿನ್ನದ ಗುಂಡಿನ ಸರ) ಗುಂಡುಗಳನ್ನು ಕರಗಿಸಿ ಕೊಕ್ಕೆತಾತಿ (ಕೊಡವ ಮದುವಣಗಿತ್ತಿ ತೊಡುವ ಚಂದ್ರಾಕಾರದ ಪದಕ) ಎರಕ ಹೊಯ್ದೆ. ಕೊಂಡಿ ಬಾಗಿಸುವಾಗ ಪಟ್ಟನೆ ಮುರಿಯಿತು. ಬಿಳಿಗಾರ (ಬೊರಾಕ್ಸ್) ಹೆಚ್ಚು ಹಾಕಿ ಮತ್ತೆ ಕರಗಿಸಿದರೂ ಅದೇ ಕಥೆ. ಪರೀಕ್ಷೆಯಲ್ಲಿ 916, ಅಂದರೆ 22 ಕ್ಯಾರೆಟ್, ಬಂದಿದೆ. ಗಿರಾಕಿ ನನ್ನ ಮೇಲೆಯೇ ಅನುಮಾನ ಪಡುತ್ತಿದ್ದಾರೆ.
– ಓದುಗರು, ವಿರಾಜಪೇಟೆ

ಉತ್ತರ: ಮೊದಲು ಆ ಮುರಿದ ತುಂಡನ್ನು ಭೂತಗನ್ನಡಿಯ ಕೆಳಗೆ ಹಿಡಿಯಿರಿ. ಮುರಿದ ಮುಖ ಕಲ್ಲುಸಕ್ಕರೆ ಒಡೆದಂತೆ ಹರಳು ಹರಳಾಗಿ, ಮಂಕಾಗಿ ಕಂಡರೆ ನನ್ನ ಅನುಮಾನ ಸೀಸದ ಮೇಲೆ. ಜೋಮಾಲೆಯ ಗುಂಡು ಎರಡು ಬಟ್ಟಲುಗಳ ಬೆಸುಗೆ. ತಗಡನ್ನು ಬಟ್ಟಲಾಗಿ ತಟ್ಟಲು ಸೀಸದ ಗಟ್ಟಿಯನ್ನು ಅಡಿಗೆ ಇಡುವುದು ನಮ್ಮ ಕಸುಬಿನ ಹಳೆಯ ರೂಢಿ. ಅದರ ಚೂರು ಅಂಟಿಕೊಂಡಿದ್ದರೂ ಸಾಕು, ಯಾರೋ ಎಂದೋ ಸೀಸ ಬೆರೆತ ತವರದ ಬೆಸುಗೆಯಿಂದ ರಿಪೇರಿ ಮಾಡಿದ್ದರೂ ಸಾಕು. ಶೇಕಡಾ 0.1ಕ್ಕಿಂತ ಕಡಿಮೆ ಸೀಸವೂ ಚಿನ್ನವನ್ನು ಪೆಡಸು ಮಾಡುತ್ತದೆ. ಚಿನ್ನ ಗಟ್ಟಿಯಾಗುವಾಗ ಸೀಸ ಕೊನೆಯವರೆಗೂ ದ್ರವವಾಗಿಯೇ ಉಳಿದು ಹರಳುಗಳ ಸಂದಿಗೆ ಸೇರಿಕೊಳ್ಳುತ್ತದೆ. ಪೆಟ್ಟು ಬಿದ್ದಾಗ ಬಿಡುವುದು ಆ ಸಂದಿಯೇ. 916 ಎಂಬುದು ಸಾವಿರದಲ್ಲಿ ಚಿನ್ನ ಎಷ್ಟು ಎಂದು ಹೇಳುತ್ತದೆ. ಉಳಿದ 84 ಭಾಗದಲ್ಲಿ ಯಾರು ಕುಳಿತಿದ್ದಾರೆ ಎಂಬುದನ್ನಲ್ಲ. ಇದನ್ನು ಗಿರಾಕಿಗೂ ಹೇಳಿ.

ಬಿಳಿಗಾರದಿಂದ ಸೀಸ ಹೋಗುವುದಿಲ್ಲ. ಪೆಟ್ಲುಪ್ಪು (ಪೊಟ್ಯಾಸಿಯಂ ನೈಟ್ರೇಟ್) ಹಾಕಿ ಕರಗಿಸಿದರೆ ಸ್ವಲ್ಪ ಕಡಿಮೆಯಾದೀತು, ಆದರೆ ಮದುವೆಯ ಒಡವೆಗೆ ಆ ಜೂಜು ಬೇಡ. ಶುದ್ಧೀಕರಣಕ್ಕೆ ಕಳುಹಿಸಿ, ಬಂದ ಅಪ್ಪಟ ಚಿನ್ನಕ್ಕೆ ಹೊಸ ಬೆಳ್ಳಿ, ತಾಮ್ರ ಸೇರಿಸಿ. ಮುಂದೆ ಇಂಥ ಗುಂಡು ಬಂದರೆ ಅದರೊಳಗೆ ತುಂಬಿರುವ ಅರಗನ್ನು ಬಿಸಿ ಮಾಡಿ ಸುರಿದು, ಉಳಿದದ್ದನ್ನು ಸ್ಪಿರಿಟ್‌ನಲ್ಲಿ ನೆನೆಸಿ ತೆಗೆಯಿರಿ. ಬೆಸುಗೆಯ ಅಂಚನ್ನು ಕತ್ತರಿಸಿ ಬೇರೆ ಇಡಿ. ಕರಗಿಸಿದ ಮೇಲೆ ಚಿಕ್ಕ ತುಂಡನ್ನು ಅಡಿಗಲ್ಲಿನ ಮೇಲೆ ತಟ್ಟಿ ನೋಡಿ. ಅಂಚು ಬಿರಿದರೆ ಅಚ್ಚಿಗೆ ಹೊಯ್ಯಬೇಡಿ.

ಇನ್ನೊಂದು ಮಾತು. 18 ಕ್ಯಾರೆಟ್‌ಗೆಂದು ಮಾರುವ ಸಿಲಿಕಾನ್ ಬೆರೆತ ಮಿಶ್ರಲೋಹವನ್ನು 22 ಕ್ಯಾರೆಟ್‌ಗೆ ಬಳಸಿದರೂ ಇದೇ ಗತಿ. ಎರಕ ಹೊಳೆಯುತ್ತದೆ, ಬಾಗಿಸಿದರೆ ಮುರಿಯುತ್ತದೆ.

ಪ್ರಶ್ನೆ: ನನ್ನ ಕೊಕ್ಕೆತಾತಿ ಮುರಿಯುವುದಿಲ್ಲ. ಆದರೆ ಪಾಲಿಶ್ ಮಾಡಿದಂತೆ ಸೂಜಿಮೊನೆಯಷ್ಟು ತೂತುಗಳು ಏಳುತ್ತವೆ. ಮಳೆಗಾಲದಲ್ಲಿ ಇನ್ನೂ ಹೆಚ್ಚು.
– ಓದುಗರು, ಸೋಮವಾರಪೇಟೆ

ಉತ್ತರ: ತೂತು ಎಲ್ಲಿದೆ, ಯಾವ ಆಕಾರದಲ್ಲಿದೆ ಎಂದು ನೀವು ಬರೆದಿಲ್ಲ. ಕಾಯಿಲೆ ಅದರಲ್ಲೇ ಇದೆ. ಚಂದ್ರಾಕಾರದ ನಡುಭಾಗದಲ್ಲಿ ಮಾತ್ರ, ಒರಟಾಗಿ, ಕವಲು ಕವಲಾಗಿ ಇದ್ದರೆ ಅದು ಲೋಹ ಕುಗ್ಗಿದ ಗುರುತು. ಕತ್ತರಿಸಲು ಸುಲಭವೆಂದು ತುದಿಯಲ್ಲಿ ಮೇಣದ ಕಾಲು (ಅಚ್ಚಿನೊಳಗೆ ಚಿನ್ನ ಹರಿಯಲು ದಾರಿ ಮಾಡುವ ಕಡ್ಡಿ) ಕೂರಿಸಿರುತ್ತೀರಿ. ತೆಳುವಾದ ತುದಿ ಮೊದಲು ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ, ದಪ್ಪ ನಡುವಿಗೆ ಚಿನ್ನ ಸಾಲದೆ ಬರುತ್ತದೆ. ಕಾಲನ್ನು ನಡುವಿನ ಬೆನ್ನಿಗೆ ಕೂರಿಸಿ. ಅದು ಅಲ್ಲಿನ ದಪ್ಪಕ್ಕಿಂತ ಸಣ್ಣದಿರಬಾರದು. ಉಜ್ಜುವ ಕೆಲಸ ಹೆಚ್ಚುತ್ತದೆ, ಹೆಚ್ಚಲಿ.

ದುಂಡಗೆ, ಒಳಗೋಡೆ ನುಣುಪಾಗಿ, ಎಲ್ಲೆಡೆ ಚೆಲ್ಲಿದಂತೆ ಇದ್ದರೆ ಅದು ಅನಿಲ. ಮೇಣದ ಮಾದರಿಯ ಸುತ್ತ ಕಲಸಿ ಸುರಿಯುವ ಅಚ್ಚಿನ ಪುಡಿಯನ್ನು ಕಟ್ಟುವುದು ಜಿಪ್ಸಮ್. ಮೇಣ ಪೂರ್ತಿ ಸುಡದೆ ಇಂಗಾಲ ಉಳಿದು, ಕುಲುಮೆ 750 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋದರೆ ಜಿಪ್ಸಮ್ ಒಡೆದು ಗಂಧಕದ ಅನಿಲ ಬಿಡುತ್ತದೆ. ಮೂಗಿಗೇ ಗೊತ್ತಾಗುತ್ತದೆ. 730 ದಾಟಿಸಬೇಡಿ, ಆ ಬಿಸಿಯಲ್ಲಿ ಸಾಕಷ್ಟು ಹೊತ್ತು ಬಿಡಿ, ಹೊಯ್ಯುವ ಮೊದಲು ಅಚ್ಚಿನ ಬಿಸಿ ಇಳಿಸಿ. ಚಿನ್ನವನ್ನೂ ಅತಿಯಾಗಿ ಕಾಯಿಸಬೇಡಿ.

ಮಳೆಗಾಲದ ಗುಟ್ಟು ಇನ್ನೂ ಸರಳ. ಬಾಯಿ ತೆರೆದಿಟ್ಟ ಚೀಲದ ಪುಡಿ ಕೊಡಗಿನ ಜುಲೈ ತಿಂಗಳಲ್ಲಿ ತೇವ ಹೀರಿ ಗಂಟು ಕಟ್ಟುತ್ತದೆ. ಕಲಸಿದರೆ ಸರಿಯಾಗಿ ಕಟ್ಟುವುದಿಲ್ಲ, ಅಚ್ಚಿನ ಒಳಮೈ ಉದುರಿ ಚಿನ್ನದೊಳಗೆ ಸೇರುತ್ತದೆ. ಗಂಟಾದ ಪುಡಿಯನ್ನು ಜರಡಿ ಹಿಡಿದು ಬಳಸುವ ಜಿಪುಣತನ ಬೇಡ, ಎಸೆಯಿರಿ. ಹೊಸದನ್ನು ಗಾಳಿಯಾಡದ ಡಬ್ಬಿಯಲ್ಲಿಡಿ. 100 ಗ್ರಾಂ ಪುಡಿಗೆ ಸುಮಾರು 40 ಮಿಲಿಲೀಟರ್ ನೀರು, ಅದೂ ಅಳೆದು, ಕಣ್ಣಂದಾಜು ಅಡುಗೆಮನೆಯಲ್ಲಿರಲಿ. ಮೂಸೆಗೆ ಹಾಕುವ ಚಿನ್ನದಲ್ಲಿ ಅರ್ಧದಷ್ಟಾದರೂ ಹೊಸದಿರಲಿ.