ಮ್ಯೂಸಿಯಂ, ಅದರ ಲೈಬ್ರರಿ ಎರಡನ್ನೂ ಒಂದೇ ದಿನದಲ್ಲಿ ಮುಗಿಸಿ ನಮ್ಮೂರಿನ ಇತಿಹಾಸ ಹುಡುಕಬಹುದಾ? ಮೊದಲು ಯಾವುದಕ್ಕೆ ಹೋಗಲಿ?

ನನ್ನ ಪ್ರಕಾರ ಮೊದಲು ಎರಡಕ್ಕೂ ಹೋಗಬೇಡಿ. ಮನೆಯಲ್ಲೇ ಕೂತು, ನಿಮ್ಮೂರು ನೂರು ವರ್ಷದ ಹಿಂದೆ ಯಾವ ಜಿಲ್ಲೆಗೆ, ಯಾವ ತಾಲ್ಲೂಕಿಗೆ ಸೇರಿತ್ತು ಅಂತ ತಿಳಿದುಕೊಳ್ಳಿ. ಇಷ್ಟೇನಾ ಅನ್ನಿಸಬಹುದು. ನನಗೂ ಯಾರಾದರೂ ಇಷ್ಟನ್ನು ಹೇಳಿದ್ದರೆ ನಮ್ಮೂರಿನ ವೀರಗಲ್ಲಿಗೆ ಇವತ್ತು ಎನಾಮೆಲ್ ಪೇಂಟ್ ಇರುತ್ತಿರಲಿಲ್ಲ.

ನಮ್ಮದು ಚನ್ನಗಿರಿ ತಾಲ್ಲೂಕು. ಊರಿನ ದೇವಸ್ಥಾನದ ಜೀರ್ಣೋದ್ಧಾರ ನಡೆಯುತ್ತಿತ್ತು. ಸ್ಮರಣ ಸಂಚಿಕೆ ತರಬೇಕು, ಅದರಲ್ಲಿ ಊರಿನ ಇತಿಹಾಸ ಇರಲೇಬೇಕು ಅಂತ ಸಮಿತಿಯವರು ಹಟ ಹಿಡಿದರು. ನಾಲ್ಕಕ್ಷರ ಓದಿದವನು ಅಂತ ಆ ಕೆಲಸ ನನ್ನ ತಲೆಗೆ ಬಂತು. ಗುಡಿಯ ಪಕ್ಕ ಒಂದು ವೀರಗಲ್ಲು ಇತ್ತು. ಕೆಳಗಿನ ಸಾಲಿನಲ್ಲಿ ಹೋರಾಟ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದು ಕೂತ ವೀರ. ಈ ಸಾಲುಗಳ ನಡುವಿನ ಪಟ್ಟಿಯಲ್ಲಿ ಅಕ್ಷರ ಇದ್ದ ಹಾಗೂ ಇತ್ತು, ಇಲ್ಲದ ಹಾಗೂ ಇತ್ತು. ಮಳೆಗೆ ಸವೆದು ಹೋಗಿತ್ತು.

ಸರಿ, ನಿಮ್ಮ ಹಾಗೇ ಒಂದು ದಿನ ರಜೆ ಹಾಕಿ ಹೊರಟೆ. ಬೆಳಿಗ್ಗೆ ಮ್ಯೂಸಿಯಂ, ಮಧ್ಯಾಹ್ನ ಲೈಬ್ರರಿ ಅಂತ ಲೆಕ್ಕ. ಕತ್ತಿ, ನಾಣ್ಯ, ತಾಮ್ರಪಟ ನೋಡಿಕೊಂಡು ಅಡ್ಡಾಡಿ ಅರ್ಧ ದಿನ ಕಳೆದೆ. ಲೈಬ್ರರಿಯಲ್ಲಿ ನಾವೇ ಕಪಾಟಿಗೆ ಕೈ ಹಾಕುವ ಹಾಗಿರಲಿಲ್ಲ. ಚೀಟಿ ಬರೆದು ಕೊಡಬೇಕು, ಅವರು ತಂದುಕೊಡುತ್ತಾರೆ. 'ಎಪಿಗ್ರಾಫಿಯಾ ಕರ್ನಾಟಿಕಾ' ಅನ್ನುವ ಹೆಸರು ಮಾತ್ರ ನನಗೆ ಗೊತ್ತಿತ್ತು. ಮೈಸೂರು ಪುರಾತತ್ತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಬಿ. ಎಲ್. ರೈಸ್ ಹಳೆ ಮೈಸೂರು ಸಂಸ್ಥಾನದ ಮತ್ತು ಕೊಡಗಿನ ಶಾಸನಗಳನ್ನು ಊರೂರು ಹುಡುಕಿಸಿ 12 ಸಂಪುಟಗಳಲ್ಲಿ ಅಚ್ಚು ಹಾಕಿಸಿದ್ದು. ಮೊದಲನೆಯದು ಬಂದಿದ್ದು 1886ರಲ್ಲಿ. ಯಾವ ಸಂಪುಟ ಬೇಕು ಅಂತ ಅಲ್ಲಿನವರು ಕೇಳಿದರು. "ದಾವಣಗೆರೆದು" ಅಂದೆ. ಅವರು ಸರಿಯಾಗೇ 11ನೇ ಸಂಪುಟ ತಂದಿಟ್ಟರು. ಅದು ಚಿತ್ರದುರ್ಗ ಜಿಲ್ಲೆಯದು, ದಾವಣಗೆರೆ ತಾಲ್ಲೂಕು ಅದರಲ್ಲೇ ಇದೆ.

ನಾನು ಎಡವಿದ್ದು ಇಲ್ಲೇ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಹತ್ತರಲ್ಲಿ ಒಂಬತ್ತು ಜನ ಇಲ್ಲೇ ಎಡವುತ್ತಾರೆ ಅಂತ ನನ್ನ ಗುಮಾನಿ. ದಾವಣಗೆರೆ ಜಿಲ್ಲೆ ಆಗಿದ್ದೇ 1997ರಲ್ಲಿ. ಅದಕ್ಕೆ ಮುಂಚೆ ಚನ್ನಗಿರಿ, ಹೊನ್ನಾಳಿ ಎರಡೂ ಶಿವಮೊಗ್ಗಕ್ಕೆ ಸೇರಿದ್ದವು. ಇದು ನನಗೆ ಗೊತ್ತಿಲ್ಲದ ವಿಷಯ ಅಲ್ಲ ಮಾರಾಯ್ರೇ! ನಮ್ಮಪ್ಪನ ಕಾಗದಪತ್ರಗಳಲ್ಲೆಲ್ಲ ಶಿವಮೊಗ್ಗ ಜಿಲ್ಲೆ ಅಂತಲೇ ಇದೆ. ಆದರೆ ಪುಸ್ತಕದ ಮುಂದೆ ಕೂತಾಗ ಅದು ಹೊಳೆಯಲೇ ಇಲ್ಲ. ರೈಸ್ ಜೋಡಿಸಿದ್ದು ಅವರ ಕಾಲದ ಜಿಲ್ಲೆ, ತಾಲ್ಲೂಕುಗಳ ಪ್ರಕಾರ. ಚನ್ನಗಿರಿಯ ಶಾಸನಗಳು ಇರುವುದು ಶಿವಮೊಗ್ಗದ ಮೊದಲ ಭಾಗದಲ್ಲಿ, ಅಂದರೆ 1902ರಲ್ಲಿ ಬಂದ 7ನೇ ಸಂಪುಟದಲ್ಲಿ. ನಾನು 11ನೇದರಲ್ಲಿ ಊರಿನ ಹೆಸರು ಹುಡುಕಿದೆ, ಇಲ್ಲ. ಅಕ್ಕಪಕ್ಕದ ಊರುಗಳನ್ನು ಹುಡುಕಿದೆ, ಅವೂ ಇಲ್ಲ. ಅಕ್ಕಪಕ್ಕದ ಊರೂ ಇಲ್ಲ ಅಂದಾಗಲೇ ಪುಸ್ತಕ ಬೇರೆ ಇರಬೇಕು ಅಂತ ಅನುಮಾನ ಬರಬೇಕಿತ್ತು, ಅಲ್ವಾ? ಬರಲಿಲ್ಲ. ಬಾಗಿಲು ಹಾಕುವ ಹೊತ್ತಾಗಿತ್ತು, ಬಸ್ಸಿನ ಚಿಂತೆ ಬೇರೆ.

'ನಮ್ಮ ಊರಿಗೆ ಶಾಸನಾಧಾರ ಸಿಗುವುದಿಲ್ಲ' ಅಂತ ಬರೆದುಕೊಟ್ಟೆ. ಅಚ್ಚಾಯಿತು. ಶಾಸನ ಇಲ್ಲದ ಕಲ್ಲು ತಾನೇ ಅಂತ ಗುಡಿಗೆ ಬಣ್ಣ ಹೊಡೆದವರು ಉಳಿದ ಪೇಂಟನ್ನು ಅದಕ್ಕೂ ಬಳಿದರು. ಬಳಿಯುವಾಗ ನಾನೂ ಅಲ್ಲೇ ಇದ್ದೆ, ಚಂದ ಕಾಣುತ್ತೆ ಅಂತಲೂ ಅಂದೆ. ಆಮೇಲೆ ಸಂಚಿಕೆ ಓದಿದ ಒಬ್ಬ ಮೇಷ್ಟ್ರು ಫೋನ್ ಮಾಡಿ, "ಶಿವಮೊಗ್ಗದ ಸಂಪುಟ ನೋಡಿದ್ರಾ?" ಅಂತ ಕೇಳಿದರು. ನೋಡಿದೆ. ಇತ್ತು. ದನ ಹಿಡಿಯಲು ಬಂದವರ ಜೊತೆ ಕಾದಿ ಸತ್ತವನ ಕಲ್ಲು ಅದು, ಅವನ ಮನೆಯವರಿಗೆ ಹೊಲ ಬಿಟ್ಟ ವಿಷಯವೂ ಇದೆ. ಈಗ ಆ ಕಲ್ಲಿನ ಸಾಲುಗಳಲ್ಲಿ ನೀಲಿ ಬಣ್ಣ ತುಂಬಿಕೊಂಡಿದೆ. ಓದಬೇಕು ಅಂದರೆ ಪುಸ್ತಕವೇ ಗತಿ.

ಹಾಗಾಗಿ ಒಂದು ದಿನ ಸಾಕಾ ಅನ್ನುವುದು ನನ್ನ ಪ್ರಕಾರ ಪ್ರಶ್ನೆಯೇ ಅಲ್ಲ. ಯಾವ ಸಂಪುಟ, ಯಾವ ತಾಲ್ಲೂಕು, ಎಷ್ಟನೇ ಶಾಸನ ಅಂತ ಬರೆದುಕೊಂಡು ಹೋದರೆ ಅರ್ಧ ಗಂಟೆ ಸಾಕು. ಬರಿಗೈಯಲ್ಲಿ ಹೋದರೆ ವಾರವೂ ಸಾಲದು. ರೈಸ್ ಸಂಪುಟಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಮನೆಯಲ್ಲೇ ತೆರೆದು ನೋಡಿ. ಒಂದೇ ಶಾಸನ ಕನ್ನಡ ಲಿಪಿಯಲ್ಲಿ, ರೋಮನ್ ಲಿಪಿಯಲ್ಲಿ, ಇಂಗ್ಲಿಷ್ ಅನುವಾದದಲ್ಲಿ ಹೀಗೆ ಮೂರು ಕಡೆ ಇರುತ್ತದೆ. ಮೂರು ಕಡೆಯೂ ಸಂಖ್ಯೆ ಒಂದೇ.

ಇನ್ನೊಂದು ಗುಂಡಿ ಇದೆ, ಹುಷಾರು. ಮೈಸೂರು ವಿಶ್ವವಿದ್ಯಾನಿಲಯ 1972ರಿಂದ ಇದರ ಪರಿಷ್ಕೃತ ಆವೃತ್ತಿ ತರಲು ಶುರು ಮಾಡಿತು. ಮೊದಲ ಎರಡು ಬಿಟ್ಟರೆ ಅದರ ಸಂಪುಟ ಸಂಖ್ಯೆಗೂ ಹಳೆಯದಕ್ಕೂ ತಾಳೆ ಆಗುವುದಿಲ್ಲ. ಸುಮ್ನೆ "7ನೇ ಸಂಪುಟ ಕೊಡಿ" ಅಂದರೆ ಹೊಸದರಲ್ಲಿ ಮಂಡ್ಯ, ಮದ್ದೂರು ಕಡೆಯದು ಬರುತ್ತದೆ. ಚೀಟಿಯಲ್ಲಿ ಯಾವ ಆವೃತ್ತಿ ಅಂತಲೂ ಬರೆಯಿರಿ. ರೈಸ್ ಬಿಟ್ಟುಹೋದವು, ಆಮೇಲೆ ಸಿಕ್ಕವು ಮೈಸೂರು ಪುರಾತತ್ತ್ವ ಇಲಾಖೆಯ ವಾರ್ಷಿಕ ವರದಿಗಳಲ್ಲಿವೆ. 1936ರಲ್ಲಿ ಎಂ. ಎಚ್. ಕೃಷ್ಣ ಅವರಿಗೆ ಸಿಕ್ಕ ಹಲ್ಮಿಡಿ ಶಾಸನವೂ ಅಲ್ಲೇ ಪ್ರಕಟವಾಗಿದ್ದು.

ನಿಮ್ಮದು ಹಳೆ ಮೈಸೂರು ಸೀಮೆಯೂ ಅಲ್ಲ, ಕೊಡಗೂ ಅಲ್ಲ ಅಂದರೆ ಇದ್ಯಾವುದೂ ಬೇಡ. ಆಗ 'ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್' ಅನ್ನುವ ಇನ್ನೊಂದು ಶಾಸನ ಸಂಪುಟಮಾಲೆ ನೋಡಬೇಕು. ಮುಂಬೈ ಪ್ರಾಂತ್ಯದಲ್ಲಿದ್ದ ಧಾರವಾಡ, ವಿಜಯಪುರದ ಕಡೆಯವಕ್ಕೆ 11, 15, 18, 20ನೇ ಸಂಪುಟಗಳು. ಬಳ್ಳಾರಿ ಮದ್ರಾಸಿಗೆ ಸೇರಿತ್ತು, ಅದಕ್ಕೆ 9ನೇದು. ಪಾಪ ಹರಪನಹಳ್ಳಿಯವರು: ಬಳ್ಳಾರಿ, ದಾವಣಗೆರೆ, ಮತ್ತೆ ಬಳ್ಳಾರಿ, ಈಗ ವಿಜಯನಗರ. ಎಷ್ಟು ಸಲ ಜಿಲ್ಲೆ ಬದಲಾದರೂ ಅವರು ನೋಡಬೇಕಾದ್ದು ಆ 9ನೇದನ್ನೇ.

ಮ್ಯೂಸಿಯಂಗೆ ಹೋಗಬೇಡಿ ಅಂತಲ್ಲ. ಓದಿಕೊಂಡು ಆಮೇಲೆ ಹೋಗಿ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆತಕೂರಿನ ಕಲ್ಲು ಇದೆ, ಕ್ರಿ.ಶ. 949ರ ಸುಮಾರಿನದು. ಜನ ನಾಯಿ, ಹಂದಿ ಚಿತ್ರ ಅಂತ ಒಂದು ಫೋಟೊ ಹೊಡೆದು ಮುಂದೆ ಹೋಗುತ್ತಾರೆ. ಶಾಸನ ಓದಿ ಹೋದವರಿಗೆ ಆ ನಾಯಿಯ ಹೆಸರು ಕಾಳಿ ಅಂತ ಗೊತ್ತಿರುತ್ತದೆ. ಮಣಲೆರ ಅನ್ನುವ ವೀರ ಯುದ್ಧದಲ್ಲಿ ಗೆದ್ದು, ಏನು ಬೇಕು ಕೇಳು ಅಂತ ಒಡೆಯ ಅಂದರೆ ಆ ನಾಯಿಯನ್ನು ಕೇಳಿದ. ಅದು ಹಂದಿಯ ಜೊತೆ ಕಾದಾಡಿತು, ಎರಡೂ ಸತ್ತವು. ಅದಕ್ಕೇ ಕಲ್ಲು ನೆಡಿಸಿ ಭೂಮಿ ಬಿಟ್ಟರು. ಈ ಕಲ್ಲಿಗೆ ಪೂಜೆ ಮಾಡದೆ ಪೂಜಾರಿ ಊಟ ಮಾಡುವ ಹಾಗಿಲ್ಲ ಅಂತಲೂ ಬರೆಸಿದ್ದಾರೆ.

ಕಲ್ಲಿನ ಅಕ್ಷರ ನೀವೇ ಓದಬೇಕು ಅಂದರೆ ಸೀಮೆಸುಣ್ಣ, ಹಿಟ್ಟು ಉಜ್ಜಬೇಡಿ. ಪಕ್ಕದಿಂದ ಓರೆಯಾಗಿ ಟಾರ್ಚ್ ಬಿಡಿ, ನೆರಳು ಬಿದ್ದು ಅಕ್ಷರ ಏಳುತ್ತದೆ. ಮ್ಯೂಸಿಯಂ ಒಳಗಾದರೆ ಮೊದಲು ಕೇಳಿಕೊಳ್ಳಿ.

ಯಾವ ಊರು ಅಂತ ನೀವು ಬರೆದಿಲ್ಲ. ಊರು ಬೇಡ, ಹಳೆಯ ತಾಲ್ಲೂಕು ಹೇಳಿದರೂ ಸಾಕು, ಯಾವ ಸಂಪುಟ ಅಂತ ನೋಡಿ ಹೇಳುತ್ತೇನೆ.