ಸೈಡ್‌ಕಾರ್ ಬುಲೆಟ್‌ಗೆ ಹಳೇ ಸ್ಟಾಕ್ ಟೈರ್ ಬೇಡ

ಶಿರಸಿಲಿ, ಪಕ್ಕಕ್ಕೆ ಒಂದು ಚಕ್ರದ ಸೀಟು ಜೋಡಿಸಿರೋ ನಿಮ್ಮ ಸೈಡ್‌ಕಾರ್ ಬುಲೆಟ್‌ಗೆ 3.50-19 ಅಳತೆಯ ಟೈರ್ ಸಿಗ್ತಿಲ್ಲ, ಹುಬ್ಬಳ್ಳಿಲಿ ಹಳೇ ಸ್ಟಾಕ್ ಇದೆ ತಗೋಬಹುದಾ ಅಂತ ಕೇಳಿದ್ರಲ್ಲ, ಮೊದ್ಲು ಟೈರಿನ ಸೈಡಲ್ಲಿರೋ ನಾಲ್ಕಂಕಿ ನೋಡಿ ಮಾರಾಯ್ರೆ, 3219 ಅಂತಿದ್ರೆ 2019ರ 32ನೇ ವಾರ ತಯಾರಾಗಿದ್ದು, ಗೋಡೌನಲ್ಲೇ ಬಿದ್ದಿದ್ರೂ ರಬ್ಬರ್ ಗಟ್ಟಿಯಾಗ್ತದೆ, ಮಳೇಲಿ ದೇವಿಮನೆ ಘಟ್ಟ ಇಳಿಯೋವಾಗ ಅಂಥದ್ದನ್ನ ನಂಬಬೇಡಿ, ಅಗ್ಗ ಸಿಕ್ತು ಅಂತ ದಯವಿಟ್ಟು ತರಬೇಡಿ. ಸೈಡ್‌ಕಾರ್ ಗಾಡಿ ತಿರುವಲ್ಲಿ ಬೈಕ್ ಥರ ವಾಲೋದಿಲ್ಲ ನೋಡಿ, ಹಾಗಾಗಿ ದುಂಡಗಿನ ಟೈರ್ ನಡುಭಾಗ ಮಾತ್ರ ಬೇಗ ಸವೀತದೆ, ಆದಷ್ಟು ಚಪ್ಪಟೆ ಇರೋದೇ ಹುಡುಕಿ. ಕಾರಿನ ಟೈರ್ ಹಾಕಿ ಅಂತ ಯಾರಾದ್ರೂ ಹೇಳಿದ್ರೆ ಕೇಳಬೇಡಿ, ಬೈಕಿನ ರಿಮ್ಮಿಗೂ ಅದರ ಅಂಚಿಗೂ ಹೊಂದೋದಿಲ್ಲ. ಬಿಚ್ಚಿದಾಗ ಟ್ಯೂಬೂ ಹೊಸದೇ ಹಾಕಿ. ನಮ್ಮ ಕಾರವಾರದ ಕಡೆ ಬಂದು ಹೋಗೋ ಗಾಡಿ ಆದ್ರೆ ಸ್ಪೋಕ್ ತುಕ್ಕೂ ನೋಡ್ಕೊಳ್ಳಿ. ಹೊಸ ಟೈರೂ ಬೇಗ ಸವೆದ್ರೆ ಸೈಡ್‌ಕಾರ್ ಚಕ್ರದ ಅಲೈನ್‌ಮೆಂಟ್, ಅಂದ್ರೆ ಅದು ಸರಿಯಾದ ದಿಕ್ಕಲ್ಲಿ ಕೂತಿದ್ಯಾ ಅಂತ, ಚೆಕ್ ಮಾಡ್ಸಿ.